ಡ್ರಾಪ್ ಮಾಡಿದ್ದು ಸರಿಯಾ, ತಪ್ಪಾ? ಫ್ಯಾಂಟಸಿ ಬೇಸ್‌ಬಾಲ್ ಲೀಗಿನಲ್ಲಿ ಈ ಜಗಳ ಬಗೆಹರಿಸುವ ಕ್ರಮ

ಫ್ಯಾಂಟಸಿ ಬೇಸ್‌ಬಾಲ್ ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಮೈದಾನದಲ್ಲಿ ಅವರು ಗಳಿಸುವ ಅಂಕಿಗಳ ಮೇಲೆ ಪೈಪೋಟಿ ನಡೆಸುವ ಆಟ. ಪ್ರತಿ ವರ್ಷ ಜೂನ್ ಕಳೆಯುತ್ತಿದ್ದಂತೆ ನನಗೆ ಒಂದೇ ಥರದ ಫೋನುಗಳು ಬರುತ್ತವೆ. ಲೀಗಿನಲ್ಲಿ ಯಾರೋ ಒಬ್ಬ ಒಳ್ಳೆಯ ಆಟಗಾರನನ್ನು ತಂಡದಿಂದ ಬಿಟ್ಟಿದ್ದಾರೆ, ಅಂದರೆ ಡ್ರಾಪ್ ಮಾಡಿದ್ದಾರೆ, ಇನ್ಯಾರೋ ಎತ್ತಿಕೊಂಡಿದ್ದಾರೆ, ವಾಟ್ಸ್‌ಆಪ್ ಗುಂಪಿನಲ್ಲಿ ರಂಪ ಎದ್ದಿದೆ, ಲೀಗ್ ನಡೆಸುವ ಕಮಿಷನರ್ ಆದವರು ಈಗೇನು ಮಾಡಬೇಕು? ಕೇಳುವವರು ಬೇರೆ ಬೇರೆ, ಎಡವುವ ಜಾಗ ಒಂದೇ. ಎಲ್ಲರೂ "ಇದು ನ್ಯಾಯವಾ?" ಎಂಬಲ್ಲಿಂದ ಶುರು ಮಾಡುತ್ತಾರೆ. ಆ ಪ್ರಶ್ನೆಗೆ ಮುಂಚೆ ಕೇಳಬೇಕಾದ ನಾಲ್ಕೈದು ಪ್ರಶ್ನೆಗಳಿವೆ. ಅವನ್ನು ಬಿಟ್ಟು ನೇರ ಅಲ್ಲಿಗೇ ಹೋದರೆ ಹನ್ನೆರಡು ಜನರಿಂದ ಹನ್ನೆರಡು ಉತ್ತರ ಬರುತ್ತದೆ, ಪ್ರತಿಯೊಬ್ಬರ ಉತ್ತರವೂ ಅವರವರ ತಂಡಕ್ಕೆ ಅನುಕೂಲವಾಗಿಯೇ ಇರುತ್ತದೆ.

ನಾನು ನ್ಯೂಜೆರ್ಸಿಯಲ್ಲಿ ಹನ್ನೆರಡು ತಂಡಗಳ ಲೀಗ್ ನಡೆಸುತ್ತೇನೆ. ಅರ್ಧ ಆಫೀಸಿನವರು, ಅರ್ಧ ಕನ್ನಡ ಕೂಟದಲ್ಲಿ ಪರಿಚಯವಾದವರು. ಒಬ್ಬರು ಬೆಂಗಳೂರಿಗೆ ವಾಪಸ್ ಹೋದ ಮೇಲೂ ತಂಡ ಬಿಟ್ಟಿಲ್ಲ. ಕೆಳಗಿನ ಕ್ರಮ ಅಲ್ಲೇ ಪೆಟ್ಟು ತಿಂದು ಕಲಿತದ್ದು.

ಊರಲ್ಲಿ ಫ್ಯಾಂಟಸಿ ಕ್ರಿಕೆಟ್ ಆಡಿ ಬಂದವರಿಗೆ ಒಂದು ಮಾತು. ಅಲ್ಲಿ ಒಬ್ಬನೇ ಬ್ಯಾಟರ್ ಲಕ್ಷ ಜನರ ತಂಡದಲ್ಲಿ ಇರಬಹುದು. ಇಲ್ಲಿ ಹಾಗಲ್ಲ. ಒಬ್ಬ ಆಟಗಾರ ಒಂದು ಲೀಗಿನಲ್ಲಿ ಒಬ್ಬರ ಸ್ವತ್ತು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, 162 ಪಂದ್ಯಗಳ ಉದ್ದಕ್ಕೂ, ನೀವು ಬಿಡುವ ತನಕ ಅವನು ನಿಮ್ಮವನೇ. ಅದಕ್ಕೇ ಬಿಡುವುದು ದೊಡ್ಡ ಸಂಗತಿಯಾಗುತ್ತದೆ.

ಶುರು ಮಾಡುವ ಮುಂಚೆ ಕೈಲಿ ಇರಬೇಕಾದದ್ದು

ಲೀಗಿನ ಸೆಟ್ಟಿಂಗ್ಸ್ ಪುಟದ ಒಂದು ಪ್ರತಿ. ಹೋದ ಸೀಸನ್ನಿನ ಟ್ರಾನ್ಸಾಕ್ಷನ್ ಲಾಗ್, ಅಂದರೆ ಯಾರು ಯಾವಾಗ ಯಾರನ್ನು ಬಿಟ್ಟರು, ತೆಗೆದುಕೊಂಡರು ಎಂಬ ಪಟ್ಟಿ. ಎಲ್ಲರೂ ಓದಬಹುದಾದ, ಒಬ್ಬರು ಮಾತ್ರ ತಿದ್ದಬಹುದಾದ ಒಂದು ಪುಟದ ನಿಯಮಪತ್ರ. ಜೊತೆಗೆ ಲೀಗಿನಲ್ಲಿ ತಂಡವಿಲ್ಲದ, ಆದರೆ ಆಟ ಗೊತ್ತಿರುವ ಒಬ್ಬ ಮನುಷ್ಯ. ಈ ಕೊನೆಯದನ್ನು ಹುಡುಕುವುದೇ ಕಷ್ಟ. ನಮ್ಮಲ್ಲಿ ಎರಡು ವರ್ಷದ ಹಿಂದೆ ಲೀಗ್ ಬಿಟ್ಟವರೊಬ್ಬರನ್ನು ಒಪ್ಪಿಸಿದೆವು, ವರ್ಷಕ್ಕೊಂದು ಊಟದ ಕರಾರಿನ ಮೇಲೆ.

ಸಮಯವೂ ಒಂದು ಸಾಮಗ್ರಿಯೇ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಆಗ ಯಾರ ಕೈಯಲ್ಲೂ ತಂಡವಿರುವುದಿಲ್ಲ, ಹಾಗಾಗಿ ಯಾರಿಗೂ ಯಾವ ನಿಯಮ ಲಾಭ ಎಂದು ಗೊತ್ತಿರುವುದಿಲ್ಲ.

1. ನಿಮ್ಮದು ಯಾವ ಬಗೆಯ ಲೀಗ್ ಎಂದು ಒಂದು ಸಾಲಿನಲ್ಲಿ ಬರೆಯಿರಿ

ಇದು ಎಲ್ಲರಿಗೂ ಗೊತ್ತಿದೆ ಅಂದುಕೊಂಡು ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಪ್ರತಿ ವರ್ಷ ಹೊಸದಾಗಿ ಡ್ರಾಫ್ಟ್ ಮಾಡುವ, ಅಂದರೆ ಆಟಗಾರರನ್ನು ಮೊದಲಿನಿಂದ ಹಂಚಿಕೊಳ್ಳುವ ಲೀಗೋ, ಕೆಲವರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಕೀಪರ್ ಲೀಗೋ? ಸರದಿಯ ಡ್ರಾಫ್ಟೋ, ತಂಡಕ್ಕೆ 260 ಡಾಲರ್ ಕಾಲ್ಪನಿಕ ಹಣ ಕೊಟ್ಟು ನಡೆಸುವ ಹರಾಜೋ? ವಾರವಾರ ಎದುರಾಳಿ ಇರುವ ಹೆಡ್-ಟು-ಹೆಡ್ಡೋ, ಸೀಸನ್ ಪೂರ್ತಿ ಲೆಕ್ಕ ಕೂಡುವ ರೋಟೋನೋ? ಉತ್ತರ ಬದಲಾದರೆ ಅದೇ ಡ್ರಾಪ್‌ನ ಅರ್ಥವೂ ಬದಲಾಗುತ್ತದೆ.

ಸ್ಯಾನ್ ಡಿಯಾಗೊ ತಂಡದ ತಾರೆ ಫರ್ನಾಂಡೊ ಟಾಟಿಸ್ ಜೂನಿಯರ್‌ನ 2022ರ ಪ್ರಕರಣ ನೋಡಿ. ಮಣಿಕಟ್ಟು ಮುರಿದುಕೊಂಡು ಕೂತಿದ್ದವನನ್ನು ಎಷ್ಟೋ ಜನ ನಾಲ್ಕು ತಿಂಗಳು ಗಾಯಾಳುಗಳ ಐಎಲ್ ಜಾಗದಲ್ಲಿ ಇಟ್ಟು ಸಾಕಿದರು. ಆಗಸ್ಟ್ 12ರಂದು ನಿಷೇಧಿತ ಮದ್ದಿಗಾಗಿ 80 ಪಂದ್ಯಗಳ ನಿಷೇಧ ಬಂತು. ಹೊಸ ಡ್ರಾಫ್ಟಿನ ಲೀಗಿನಲ್ಲಿ ಅವತ್ತೇ ಅವನನ್ನು ಬಿಡುವುದು ಬುದ್ಧಿವಂತಿಕೆ, ಆ ವರ್ಷ ಅವನಿಂದ ಒಂದು ರನ್ನೂ ಬರುವಂತಿರಲಿಲ್ಲ. ಕೀಪರ್ ಲೀಗಿನಲ್ಲಿ ಅದೇ ಡ್ರಾಪ್ ಅನುಮಾನಕ್ಕೆ ಎಡೆ, ಯಾಕೆಂದರೆ 2023ರ ಏಪ್ರಿಲ್ 20ಕ್ಕೆ ಅವನು ಮತ್ತೆ ಮೈದಾನದಲ್ಲಿದ್ದ. ಎರಡು ಬೇರೆ ಲೀಗಿನ ಅನುಭವ ಇಟ್ಟುಕೊಂಡು ಇಬ್ಬರು ವಾದಕ್ಕೆ ಕೂತರೆ ಇಬ್ಬರದ್ದೂ ಸರಿಯೇ, ವಾದ ಮಾತ್ರ ಮುಗಿಯುವುದಿಲ್ಲ.

2. ಬಿಟ್ಟ ಆಟಗಾರನ ಜೊತೆ ಗಡಿಯಾರ ಹಿಡಿದು ನಡೆಯಿರಿ

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ನನ್ನ ಅನುಭವದಲ್ಲಿ "ಅನ್ಯಾಯದ ಡ್ರಾಪ್" ಎಂದು ಕೂಗೆದ್ದ ಹತ್ತರಲ್ಲಿ ಏಳೆಂಟು ಕಡೆ ಡ್ರಾಪ್‌ನಲ್ಲಿ ದೋಷವಿರಲಿಲ್ಲ, ಬಿಟ್ಟ ಆಟಗಾರ ಇನ್ನೊಬ್ಬರ ಕೈಗೆ ಹೋದ ದಾರಿಯಲ್ಲಿತ್ತು. ಹುಚ್ಚು ಡ್ರಾಪ್ ಆದರೂ ಅವನು ಎಲ್ಲರಿಗೂ ಸಮಾನವಾಗಿ ಸಿಗುವಂತಿದ್ದರೆ ಅದು ಬಿಟ್ಟವರಿಗೆ ನಷ್ಟ, ಅಷ್ಟೇ. ಒಬ್ಬರಿಗೇ ಸಿಗುವಂತಿದ್ದರೆ ಒಳ್ಳೆಯ ಡ್ರಾಪೂ ವಾಸನೆ ಹೊಡೆಯುತ್ತದೆ.

ಕಾಗದದ ಮೇಲೆ ಒಂದು ಗೆರೆ ಎಳೆದು ಬರೆಯಿರಿ. ಡ್ರಾಪ್ ಆದ ಗಂಟೆ, ವೇವರ್‌ನಲ್ಲಿ (ಉಳಿದವರು ಬೇಡಿಕೆ ಇಡಬಹುದಾದ ಕಾಯುವ ಪಟ್ಟಿಯಲ್ಲಿ) ಕೂರುವ ಅವಧಿ, ಆ ಬೇಡಿಕೆ ಅಂದರೆ ಕ್ಲೇಮ್ ತೀರ್ಮಾನವಾಗುವ ಗಂಟೆ, ಯಾರೂ ಕೇಳದಿದ್ದರೆ ಯಾವ ತಂಡದಲ್ಲೂ ಇಲ್ಲದ ಫ್ರೀ ಏಜೆಂಟ್ ಆಗುವ ಗಂಟೆ. ಆಮೇಲೆ ಪ್ರತಿ ಬಿಂದುವಿನಲ್ಲೂ ಕೇಳಿಕೊಳ್ಳಿ: ಈ ಹೊತ್ತಿಗೆ ಯಾರಿಗೆ ಮೊದಲ ಹಕ್ಕು, ಯಾಕೆ?

ವೇವರ್ ಹಕ್ಕು ಹಂಚುವುದಕ್ಕೆ ಸಾಮಾನ್ಯವಾಗಿ ಮೂರು ದಾರಿ. ಒಂದು, ಉರುಳುವ ಸರದಿ. ನಿಮ್ಮ ಸರದಿ ಬಳಸಿದರೆ ಕೊನೆಗೆ ಹೋಗುತ್ತೀರಿ, ಬಳಸದಿದ್ದರೆ ಮೊದಲನೇ ಜಾಗದಲ್ಲಿ ಎಷ್ಟು ವಾರವಾದರೂ ಕಾದು ಕೂರಬಹುದು. ಎರಡು, ಅಂಕಪಟ್ಟಿಯ ಕೆಳಗಿರುವವರಿಗೆ ಮೊದಲ ಹಕ್ಕು. ಕೇಳುವುದಕ್ಕೆ ದಯೆಯಂತಿದೆ, ಆದರೆ ತಂಡದ ಕಡೆ ಗಮನವೇ ಕೊಡದವನಿಗೂ ಬಹುಮಾನ ಕೊಡುತ್ತದೆ. ಮೂರು, ಫಾಬ್. ಪ್ರತಿ ತಂಡಕ್ಕೂ ಸೀಸನ್ನಿಗೆ ಇಷ್ಟು ಎಂದು ಕಾಲ್ಪನಿಕ ಹಣ, ಹೆಚ್ಚಾಗಿ 100 ಡಾಲರ್. ಎಲ್ಲರೂ ಗುಟ್ಟಾಗಿ ಬಿಡ್ ಹಾಕುತ್ತಾರೆ, ಹೆಚ್ಚು ಹಾಕಿದವರಿಗೆ ಆಟಗಾರ.

ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ಡ್ರಾಪ್ ಜಗಳ ಪದೇ ಪದೇ ಬರುವ ಲೀಗ್ ಕಣ್ಣುಮುಚ್ಚಿ ಫಾಬ್‌ಗೆ ಹೋಗಲಿ. ಸ್ನೇಹಿತನಿಗೆ ಆಟಗಾರ ಸಿಗಲೆಂದು ಯಾರೋ ಬಿಟ್ಟರೂ, ಆ ಸ್ನೇಹಿತ ಉಳಿದ ಹತ್ತು ಜನರಿಗಿಂತ ಹೆಚ್ಚು ಹಣ ಹಾಕಲೇಬೇಕು. ಒಳಸಂಚಿಗೆ ಬೆಲೆ ಬೀಳುತ್ತದೆ. ಸಮ ಬಿಡ್ ಬಂದರೆ ಯಾರಿಗೆ ಎಂಬುದನ್ನು ಮಾತ್ರ ಮರೆಯದೆ ಬರೆದಿಡಿ.

ಇನ್ನು ಗಡಿಯಾರ. ನಮ್ಮ ಲೀಗಿನಲ್ಲಿ ವೇವರ್ ತೀರ್ಮಾನ ಈಸ್ಟರ್ನ್ ಸಮಯ ಬೆಳಗಿನ ಜಾವ 4ಕ್ಕೆ. ಯಾರೂ ಕ್ಲೇಮ್ ಹಾಕದ ಆಟಗಾರ ಆ ಕ್ಷಣದಿಂದ ಮೊದಲು ಬಂದವರಿಗೆ. ಇಲ್ಲಿ ಹನ್ನೊಂದು ಜನ ಗೊರಕೆ ಹೊಡೆಯುತ್ತಿರುತ್ತಾರೆ. ಬೆಂಗಳೂರಿನಲ್ಲಿ ಆಗ ಮಧ್ಯಾಹ್ನ ಒಂದೂವರೆ, ನಮ್ಮ ಗೆಳೆಯರು ಊಟ ಮುಗಿಸಿ ಕೈ ತೊಳೆದು ಫೋನು ತೆಗೆಯುವ ಹೊತ್ತು. ಒಂದು ಸೀಸನ್ ಪೂರ್ತಿ ಒಳ್ಳೊಳ್ಳೆಯ ರಿಲೀವರ್‌ಗಳು (ಪಂದ್ಯದ ನಡುವೆ ಬಂದು ಚೆಂಡು ಎಸೆಯುವ ಪಿಚರ್‌ಗಳು) ಅವರ ತಂಡಕ್ಕೇ ಯಾಕೆ ಹೋಗುತ್ತಿದ್ದಾರೆ ಎಂದು ಇವರೆಲ್ಲ ತಲೆ ಕೆರೆದುಕೊಂಡಿದ್ದರು. ಅದರಲ್ಲಿ ಮೋಸವೇನೂ ಇರಲಿಲ್ಲ, ಒಂಬತ್ತೂವರೆ ಗಂಟೆ ವ್ಯತ್ಯಾಸ ಅಷ್ಟೇ. ಫ್ರೀ ಏಜೆಂಟ್‌ಗಳಿಗೂ ಫಾಬ್ ಬಿಡ್ ಬೇಕು ಎಂಬ ಒಂದು ಸೆಟ್ಟಿಂಗ್ ಬದಲಿಸಿದೆವು. ಅವರು ಈಗಲೂ ಬೇಸರದಿಂದ ಆ ಮಾತು ಎತ್ತುತ್ತಾರೆ.

3. ಯಾವ ಮೋಸ ತಡೆಯಬೇಕು ಎಂದು ಹೆಸರಿಟ್ಟು ಬರೆಯಿರಿ

"ಆಟದ ಆಶಯಕ್ಕೆ ವಿರುದ್ಧವಾದ ಡ್ರಾಪ್‌ಗಳಿಗೆ ಅವಕಾಶವಿಲ್ಲ" ಎಂದು ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವ ಲೀಗುಗಳೇ ಹೆಚ್ಚು. ಆ ಸಾಲಿನಿಂದ ಯಾವ ಜಗಳವೂ ತೀರುವುದಿಲ್ಲ. ತಡೆಯಬೇಕಾದದ್ದಕ್ಕೆ ಒಂದೊಂದಕ್ಕೂ ಹೆಸರು ಬೇಕು, ಯಾಕೆಂದರೆ ಒಂದೊಂದಕ್ಕೂ ಮದ್ದು ಬೇರೆ.

ಒಳಸಂಚು: ಇಬ್ಬರು ಮಾತಾಡಿಕೊಂಡು ಒಬ್ಬರು ಬಿಡುವುದು, ಇನ್ನೊಬ್ಬರು ಎತ್ತಿಕೊಳ್ಳುವುದು. ಇದು ವೇಷ ಹಾಕಿದ ಟ್ರೇಡ್, ಅಂದರೆ ತಂಡಗಳ ನಡುವಿನ ಆಟಗಾರರ ಅದಲುಬದಲು. ಟ್ರೇಡ್ ಕೊನೆಯ ದಿನ ಮುಗಿದ ಮೇಲೆ ಜಾಸ್ತಿ. ಮದ್ದು ಫಾಬ್, ಇಲ್ಲವೇ ಉದ್ದನೆಯ ವೇವರ್ ಅವಧಿ.

ಸಿಟ್ಟಿನ ಡ್ರಾಪ್: ಸೋತು ಬೇಸತ್ತವರು ಹತ್ತು ನಿಮಿಷದಲ್ಲಿ ಐದಾರು ತಾರೆಗಳನ್ನು ಬಿಟ್ಟು ಲೀಗಿಗೆ ಕೈಮುಗಿಯುವುದು. ಇಲ್ಲಿ ಯಾರ ಜೊತೆಗೂ ಸಂಚಿಲ್ಲ, ಆದರೆ ಲೀಗ್ ಹಾಳು. ಮದ್ದು ದಿನಕ್ಕೆ ಇಷ್ಟೇ ಡ್ರಾಪ್ ಎಂಬ ಮಿತಿ, ಕಮಿಷನರ್‌ಗೆ ತಂಡ ಬೀಗ ಹಾಕುವ ಅಧಿಕಾರ.

ಅಡ್ಡಗಾಲು ಡ್ರಾಪ್: ಫ್ರೀ ಏಜೆಂಟ್ ಪಿಚರ್‌ಗಳನ್ನು ತೆಗೆದುಕೊಂಡು ಬಿಡುತ್ತಾ ಹೋಗುವುದು, ವೇವರ್‌ನಲ್ಲಿ ಸಿಕ್ಕಿಬಿದ್ದ ಅವರು ಎದುರಾಳಿಗೆ ವಾರಾಂತ್ಯಕ್ಕೆ ಸಿಗದಿರಲಿ ಎಂದು. ಹೆಡ್-ಟು-ಹೆಡ್ ಪ್ಲೇಆಫ್ ವಾರಗಳಲ್ಲಿ ಗಮನಿಸಿ. ವಾರಕ್ಕೆ ಐದೋ ಆರೋ ಸೇರ್ಪಡೆ ಎಂಬ ಮಿತಿ ಹಾಕಿದರೆ ತಾನಾಗಿ ನಿಲ್ಲುತ್ತದೆ.

ಸೋತ ಮೇಲಿನ ದಾನ: ಪ್ಲೇಆಫ್‌ನಿಂದ ಹೊರಬಿದ್ದವರು ತಮ್ಮ ತಾರೆಗಳನ್ನು ಬಿಟ್ಟು ಉಳಿದವರ ಹಣೆಬರಹ ಬದಲಿಸುವುದು. ಹೊರಬಿದ್ದ ತಂಡಕ್ಕೆ ಬೀಗ.

ಈ ನಾಲ್ಕರ ಪಕ್ಕದಲ್ಲಿ ಐದನೆಯದೊಂದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ: ಕೆಟ್ಟ ನಿರ್ಧಾರ. ಅದಕ್ಕೆ ಮದ್ದು ಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಚಿನಲ್ಲಿ ಜಾಗವಿಲ್ಲವೆಂದು ಹೊಸ ಪಿಚರ್ ಪಾಲ್ ಸ್ಕೀನ್ಸ್‌ನನ್ನು ಬಿಟ್ಟವರು ಮೇ 11ಕ್ಕೆ ಅವನು ಪಿಟ್ಸ್‌ಬರ್ಗ್ ಪರ ಮೊದಲ ಸಲ ಎಸೆದಾಗ, ಆಮೇಲೆ 1.96 ಇಆರ್‌ಎಯಲ್ಲಿ (ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, ಕಡಿಮೆಯಿದ್ದಷ್ಟೂ ಒಳ್ಳೆಯದು) ಸೀಸನ್ ಮುಗಿಸಿದಾಗ, ತಲೆ ಚಚ್ಚಿಕೊಂಡಿರಬೇಕು. ಅವರ ಮೇಲೆ ಮೋಸದ ಆರೋಪ ಹೊರಿಸಿದರೆ ತಾಳ್ಮೆ ಕಡಿಮೆಯಿದ್ದವರೆಲ್ಲ ಕಳ್ಳರೇ ಆಗಬೇಕಾಗುತ್ತದೆ.

4. ಬಿಡಬಾರದವರ ಪಟ್ಟಿ: ಇರಲೋ, ತೆಗೆಯಲೋ

ಲೀಗ್ ನಡೆಸಲು ಬಳಸುವ ವೇದಿಕೆಗಳಾದ ಯಾಹೂ, ಇಎಸ್‌ಪಿಎನ್ ಎರಡರಲ್ಲೂ ಬಿಡಲು ಬಾರದ ತಾರೆಯರ ಪಟ್ಟಿಯಿದೆ. ವೇದಿಕೆಯೇ ಅದನ್ನು ತಯಾರಿಸುತ್ತದೆ, ಕಮಿಷನರ್ ಬೇಡವೆಂದರೆ ಲೀಗಿನ ಮಟ್ಟಿಗೆ ತೆಗೆದುಹಾಕಬಹುದು. ಅಪರಿಚಿತರ ಲೀಗಿಗೆ ಪಟ್ಟಿ ಇರಲಿ, ಸಿಟ್ಟಿನ ಡ್ರಾಪ್‌ಗೆ ಅದಕ್ಕಿಂತ ಸುಲಭದ ತಡೆ ಇಲ್ಲ. ಪರಿಚಿತರ ಲೀಗಿನಲ್ಲಿ ನಾನು ತೆಗೆಯುವ ಪಕ್ಷ.

ಕಾರಣ 2024ರ ಮೇ 26. ಹಿಂದಿನ ವರ್ಷ 41 ಹೋಮ್ ರನ್, 73 ಕದ್ದ ಬೇಸ್‌ಗಳೊಂದಿಗೆ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ ಆಗಿದ್ದ ರೊನಾಲ್ಡ್ ಅಕುನ್ಯಾ ಜೂನಿಯರ್‌ನ ಎಡ ಮಂಡಿಯ ಎಸಿಎಲ್ ಎಂಬ ಅಸ್ಥಿರಜ್ಜು ಅಂದು ಹರಿಯಿತು, ಸೀಸನ್ ಅಲ್ಲಿಗೇ ಮುಗಿಯಿತು. ಎಷ್ಟೋ ಡ್ರಾಫ್ಟ್‌ಗಳಲ್ಲಿ ಮೊದಲು ಹೋದವನು ಅವನೇ. ಐಎಲ್ ಜಾಗಗಳೆಲ್ಲ ತುಂಬಿರುವ, ಹೊಸ ಡ್ರಾಫ್ಟಿನ ಲೀಗಿನಲ್ಲಿ ಅವನನ್ನು ಹಿಡಿದುಕೊಂಡು ಕೂರುವುದಕ್ಕೆ ಅರ್ಥವಿಲ್ಲ. ಆದರೆ ಹೆಸರು ಪಟ್ಟಿಯಿಂದ ಇಳಿಯುವವರೆಗೆ ಆ ಮ್ಯಾನೇಜರ್ ಕೈಕಟ್ಟಿ ಕೂರಬೇಕು. ಮೊದಲೇ ನೊಂದವರಿಗೆ ಮೇಲೊಂದು ಶಿಕ್ಷೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಸೀಸನ್ ನಡುವೆ ಪಟ್ಟಿಯನ್ನು ಹಾಕುವುದು, ತೆಗೆಯುವುದು. ಒಬ್ಬರಿಗಾಗಿ ತೆಗೆದರೆ ಮರುದಿನ ಇನ್ನೊಬ್ಬರು ಬಾಗಿಲು ತಟ್ಟುತ್ತಾರೆ.

5. ಬಿಡುವುದಕ್ಕೆ ಬೆಲೆ ಕಟ್ಟಿ

ನಿಜವಾದ ಬೇಸ್‌ಬಾಲ್‌ನಲ್ಲಿ ಡ್ರಾಪ್ ನ್ಯಾಯವೇ ಎಂದು ಬೇರೆ ತಂಡಗಳು ಬಾಯಿ ಬಡಿದುಕೊಳ್ಳುವುದಿಲ್ಲ, ಯಾಕೆಂದರೆ ಅಲ್ಲಿ ಬಿಡುವುದು ದುಬಾರಿ. ಆಲ್ಬರ್ಟ್ ಪೂಹೋಲ್ಸ್‌ನನ್ನು ಏಂಜಲ್ಸ್ ತಂಡ 2021ರ ಮೇ ತಿಂಗಳಲ್ಲಿ ಬಿಟ್ಟಿತು, ಆ ವರ್ಷ ಅವನ ಸಂಬಳ 3 ಕೋಟಿ ಡಾಲರ್. ಡಾಡ್ಜರ್ಸ್ ಅವನನ್ನು ಸೇರಿಸಿಕೊಂಡು ಕೊಟ್ಟದ್ದು ಲೀಗಿನ ಕನಿಷ್ಠ ಸಂಬಳದ ಪಾಲು ಮಾತ್ರ, ಉಳಿದ ಹೊರೆ ಏಂಜಲ್ಸ್ ತಲೆಗೇ. ನಮ್ಮ ಐಪಿಎಲ್ ಇದಕ್ಕೆ ತಲೆಕೆಳಗು. ಅಲ್ಲಿ ಹರಾಜಿಗೆ ಮುಂಚೆ ರಿಲೀಸ್ ಮಾಡಿದರೆ ಆಟಗಾರನ ಮೊತ್ತ ತಂಡದ ಪರ್ಸ್‌ಗೆ ವಾಪಸ್ ಬರುತ್ತದೆ.

ಹರಾಜಿನ ಕೀಪರ್ ಲೀಗ್ ನಿಮ್ಮದಾಗಿದ್ದರೆ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತೀರಿ ಎಂದು ತೀರ್ಮಾನಿಸಲೇಬೇಕು. ಆಟೊನ್ಯೂ ಎಂಬ ವೇದಿಕೆ ನಡುವೆ ನಿಂತಿದೆ: 12 ತಂಡ, ತಂಡಕ್ಕೆ 40 ಆಟಗಾರರು, 400 ಡಾಲರ್ ಮಿತಿ, ಬಿಟ್ಟ ಆಟಗಾರನ ಸಂಬಳದ ಅರ್ಧ ನಿಮ್ಮ ಲೆಕ್ಕದಲ್ಲೇ ಉಳಿಯುತ್ತದೆ. 35 ಡಾಲರ್‌ನವನನ್ನು ಬಿಟ್ಟರೆ 18 ಡಾಲರ್ ನಿಮ್ಮ ತಲೆಯ ಮೇಲೆ. ದುಡ್ಡು ಕಾಲಿಗೆ ತೊಡರಿದ ಮೇಲೆ ಯಾರೂ ಸುಮ್ಮಸುಮ್ಮನೆ ಬಿಡುವುದಿಲ್ಲ, ನೀತಿಪಾಠ ಹೇಳುವ ಕೆಲಸ ಕಮಿಷನರ್‌ಗೆ ತಪ್ಪುತ್ತದೆ.

ಗಾಯಾಳುವಿಗೆ ವಿನಾಯಿತಿ ಇದೆಯೇ ಎಂಬುದನ್ನು ಈಗಲೇ ಬರೆಯಿರಿ. ಇದೆ ಎಂದಾದರೆ ಅಳತೆಗೋಲು ಹೊರಗಿನದ್ದಾಗಿರಲಿ. "ಗಂಭೀರ ಗಾಯ" ಎಂದು ಬರೆದರೆ ವಾದಕ್ಕೆ ಇನ್ನೊಂದು ಬಾಗಿಲು. "ಮೇಜರ್ ಲೀಗ್ ತಂಡ 60 ದಿನಗಳ ಐಎಲ್‌ಗೆ ಹಾಕಿದವನು" ಎಂದು ಬರೆದರೆ ಯಾರನ್ನೂ ಕೇಳಬೇಕಿಲ್ಲ.

ಪ್ರತಿ ವರ್ಷ ಹೊಸ ಡ್ರಾಫ್ಟ್ ಮಾಡುವವರು ಈ ಹಂತ ಬಿಟ್ಟು ಮುಂದೆ ಹೋಗಬಹುದು.

6. ಚರ್ಚೆ ನಡೆಸುವ ರೀತಿ

ಹೋದ ಸೀಸನ್ನಿನ ಲಾಗ್‌ನಿಂದ ನಾಲ್ಕು ಡ್ರಾಪ್ ಆರಿಸಿ, ಎಲ್ಲರ ಹೆಸರು ಅಳಿಸಿ. "11ನೇ ಸ್ಥಾನದ ತಂಡ, ಆಗಸ್ಟ್ ಮೊದಲ ವಾರ, ಸುಸ್ಥಿತಿಯಲ್ಲಿರುವ ಸ್ಟಾರ್ಟಿಂಗ್ ಪಿಚರ್‌ನನ್ನು ಬಿಟ್ಟಿದೆ, ಮೊದಲ ಸ್ಥಾನದ ತಂಡ ತೆಗೆದುಕೊಂಡಿದೆ" ಎಂದಷ್ಟೇ ಇರಲಿ. ಪ್ರತಿಯೊಬ್ಬರೂ ಮೂರನೇ ಹಂತದ ಐದು ಹೆಸರುಗಳಲ್ಲಿ ಇದು ಯಾವುದು ಎಂದು ಗುಟ್ಟಾಗಿ ಬರೆದು ಕಳಿಸಲಿ. ಉತ್ತರಗಳನ್ನು ಒಟ್ಟಿಗೆ ಹಾಕಿದಾಗ ಲೀಗಿಗೆ ಎಲ್ಲಿ ಒಮ್ಮತವಿದೆ, ಎಲ್ಲಿಲ್ಲ ಎಂದು ಕಾಣುತ್ತದೆ. ಚರ್ಚೆ ಬೇಕಾದದ್ದು ಒಮ್ಮತವಿಲ್ಲದ ಕಡೆ ಮಾತ್ರ.

ನಮ್ಮಲ್ಲಿ ಇದನ್ನು ಮೊದಲ ಸಲ ಮಾಡಿದಾಗ ಒಬ್ಬರು ಒಂದು ಪ್ರಕರಣಕ್ಕೆ "ಶುದ್ಧ ಒಳಸಂಚು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅದು ಅವರದೇ ಡ್ರಾಪ್.

ಆಮೇಲೆ ಒಂದು ಸಲಕ್ಕೆ ಒಂದೇ ಪ್ರಸ್ತಾಪ. ವೇವರ್ ಅವಧಿ, ಫಾಬ್, ಪಟ್ಟಿ ಮೂರನ್ನೂ ಒಂದೇ ಮತದಲ್ಲಿ ಕಟ್ಟಿಹಾಕಬೇಡಿ, ಒಂದು ಬೇಡದವರು ಮೂರನ್ನೂ ಬೀಳಿಸುತ್ತಾರೆ. ಮತಕ್ಕೆ ಮುಂಚೆ ಎರಡು ದಿನ ಓದಲು ಬಿಡಿ. ಹನ್ನೆರಡರಲ್ಲಿ ಎಂಟು ಮತ ಬೇಕು ಎಂದಿಡಿ, ಏಳು-ಐದರಲ್ಲಿ ಗೆದ್ದ ನಿಯಮ ಮುಂದಿನ ವರ್ಷ ಮತ್ತೆ ಮತಕ್ಕೆ ಬರುತ್ತದೆ. ಫಲಿತಾಂಶ ಜಾರಿಯಾಗುವುದು ಬರುವ ಸೀಸನ್‌ನಿಂದಲೇ ಹೊರತು ನಡೆಯುತ್ತಿರುವ ಸೀಸನ್ನಿಗಲ್ಲ. ಸಾಫ್ಟ್‌ವೇರ್ ಕೆಟ್ಟು ಆದ ತಪ್ಪಿಗೆ ಮಾತ್ರ ವಿನಾಯಿತಿ.

ಪ್ರತಿ ಡ್ರಾಪ್‌ಗೂ ಟ್ರೇಡ್‌ನಂತೆ ವೀಟೋ ಮತ ಇಡೋಣ ಎಂಬ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಬಿಟ್ಟ ಆಟಗಾರ ತಮಗೆ ಸಿಗುವಂತಿದ್ದವರು ಪರ, ಸಿಗದವರು ವಿರುದ್ಧ ಮತ ಹಾಕುತ್ತಾರೆ. ಅದನ್ನು ನ್ಯಾಯ ತೀರ್ಮಾನ ಎನ್ನಲಾಗದು.

7. ನಿಯಮವನ್ನು ಗಂಟೆ, ಅಂಕಿ ಇಟ್ಟು ಬರೆಯಿರಿ

ನಮ್ಮ ಪುಟದಿಂದ ನಾಲ್ಕು ಸಾಲು ಕೊಡುತ್ತೇನೆ, ಬೇಕಾದರೆ ತಿದ್ದಿ ಬಳಸಿಕೊಳ್ಳಿ.

"ಬಿಟ್ಟ ಆಟಗಾರ 48 ಗಂಟೆ ವೇವರ್‌ನಲ್ಲಿ ಇರುತ್ತಾನೆ. ಗಂಟೆಗಳೆಲ್ಲ ಈಸ್ಟರ್ನ್ ಸಮಯ."

"ಒಂದು ತಂಡ ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ಡ್ರಾಪ್ ಮಾಡಿದರೆ ನಾಲ್ಕನೆಯದು ತಾನಾಗಿ ರದ್ದು. ಕಾರಣ ಕೇಳುವುದಿಲ್ಲ."

"ಡ್ರಾಪ್ ಪ್ರಶ್ನಿಸುವವರು ವೇವರ್ ಅವಧಿಯ ಮೊದಲ 24 ಗಂಟೆಯೊಳಗೆ ಬರಹದಲ್ಲಿ ಪ್ರಶ್ನಿಸಬೇಕು. ಆ ಆಟಗಾರನಿಗೆ ತಾವು ಕ್ಲೇಮ್ ಹಾಕಿದ್ದರೆ ಅದನ್ನೂ ಹೇಳಬೇಕು."

"ಕ್ಲೇಮ್ ತೀರ್ಮಾನವಾದ ಮೇಲೆ ಯಾವ ಡ್ರಾಪೂ ವಾಪಸ್ ಇಲ್ಲ."

ಮೂರನೆಯ ಸಾಲಿನ ಕೊನೆಯ ವಾಕ್ಯ ಬಂದ ಮೇಲೆ ನಮ್ಮಲ್ಲಿ ತಕರಾರುಗಳು ಅರ್ಧಕ್ಕಿಳಿದವು.

ಬ್ಯಾಟೂ ಬೀಸುವ, ಚೆಂಡೂ ಎಸೆಯುವ ಶೊಹೇ ಒಟಾನಿಗೂ ಒಂದು ಸಾಲು ಬೇಕು. ಯಾಹೂನಲ್ಲಿ ಬ್ಯಾಟರ್ ಒಟಾನಿ, ಪಿಚರ್ ಒಟಾನಿ ಎಂದು ಇಬ್ಬರಿದ್ದಾರೆ. ಇಎಸ್‌ಪಿಎನ್‌ನಲ್ಲಿ ಒಬ್ಬನೇ. ಮೊಣಕೈ ಶಸ್ತ್ರಚಿಕಿತ್ಸೆಯಿಂದ 2024ರಲ್ಲಿ ಅವನು ಒಂದು ಚೆಂಡನ್ನೂ ಎಸೆಯಲಿಲ್ಲ, 2025ರ ಜೂನ್‌ನಲ್ಲಿ ಮತ್ತೆ ಎಸೆಯಲು ಬಂದ. ಯಾಹೂ ಕೀಪರ್ ಲೀಗಿನಲ್ಲಿ ಪಿಚರ್ ಒಟಾನಿಯನ್ನು ಬಿಟ್ಟು ಬ್ಯಾಟರ್‌ನನ್ನು ಇಟ್ಟುಕೊಂಡರೆ ಒಬ್ಬ ಆಟಗಾರನನ್ನು ಬಿಟ್ಟಂತೆಯೋ, ಅರ್ಧ ಬಿಟ್ಟಂತೆಯೋ? ಯಾವ ಉತ್ತರವಾದರೂ ಸರಿ, ಮೊದಲೇ ಬರೆದಿರಬೇಕು.

8. ಸೀಸನ್ ನಡುವೆ ಬೆಂಕಿ ಹತ್ತಿದರೆ

ಇಲ್ಲಿ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ. ಕೆಲವು ವರ್ಷದ ಹಿಂದಿನ ಜುಲೈ, ಬುಧವಾರ ರಾತ್ರಿ 11:50. ನಾವಿನ್ನೂ ಉರುಳುವ ಸರದಿಯಲ್ಲಿದ್ದ ಕಾಲ. ಕೆಳಗಿನಿಂದ ಎರಡನೇ ಸ್ಥಾನದಲ್ಲಿದ್ದವರು ಇಪ್ಪತ್ತಕ್ಕೂ ಹೆಚ್ಚು ಸೇವ್ ಇದ್ದ ಕ್ಲೋಸರ್‌ನನ್ನು (ಗೆಲ್ಲುತ್ತಿರುವ ಪಂದ್ಯವನ್ನು ಕೊನೆಯಲ್ಲಿ ಬಂದು ಉಳಿಸಿ ಸೇವ್ ಗಳಿಸುವ ಪಿಚರ್) ಬಿಟ್ಟರು. ವೇವರ್‌ನಲ್ಲಿ ಮೊದಲ ಸರದಿ ಯಾರದ್ದು? ಅವರ ರೂಮ್‌ಮೇಟ್‌ದು, ಆರು ವಾರದಿಂದ ಬಳಸದೆ ಇಟ್ಟುಕೊಂಡಿದ್ದ ಸರದಿ. ಗುರುವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೆಸೇಜು. "ಏನ್ ಗುರು, ರೂಮಲ್ಲೇ ಡೀಲ್ ಆಗೋಯ್ತಾ?" ಎಂಬುದು ಅವುಗಳಲ್ಲಿ ಮರ್ಯಾದಸ್ಥ ಮೆಸೇಜು.

ಅವತ್ತು ಆಫೀಸಿನಲ್ಲಿ ತುರ್ತು ಕೆಲಸ, ನಾನು ನೋಡಲಿಲ್ಲ. ಶುಕ್ರವಾರ ನಸುಕಿಗೆ ಕ್ಲೇಮ್ ಆಗಿಹೋಯಿತು. ಮಧ್ಯಾಹ್ನ ಒತ್ತಡ ತಾಳಲಾರದೆ ಕ್ಲೋಸರ್‌ನನ್ನು ಹಳೆಯ ತಂಡಕ್ಕೆ ವಾಪಸ್ ಹಾಕಿದೆ. ಆದರೆ ಆ ರೂಮ್‌ಮೇಟ್ ಜಾಗ ಮಾಡಿಕೊಳ್ಳಲು ತನ್ನ ಸೆಕೆಂಡ್ ಬೇಸ್‌ಮನ್‌ನನ್ನು ಬಿಟ್ಟಿದ್ದ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಭಾನುವಾರ ಆ ಬೇಸ್‌ಮನ್‌ನನ್ನು ಮೂರನೆಯವರು ಎತ್ತಿಕೊಂಡರು. ರೂಮ್‌ಮೇಟ್‌ಗೆ ಅದೂ ಇಲ್ಲ, ಇದೂ ಇಲ್ಲ. ಅದರ ಹಿಂದಿನ ದಿನ ಶನಿವಾರ ಸಂಜೆ, ಕ್ಲೋಸರ್‌ನನ್ನು ವಾಪಸ್ ಹಾಕಿಯಾದ ಮೇಲೆ, ಡ್ರಾಪ್ ಮಾಡಿದವರಿಗೆ ಫೋನು ಮಾಡಿ ಯಾಕೆ ಬಿಟ್ಟಿರಿ ಎಂದು ಕೇಳಿದ್ದೆ. "ಸರ್, ಜುಲೈ ಕೊನೆಗೆ ಅವನ ತಂಡ ಅವನನ್ನ ಟ್ರೇಡ್ ಮಾಡುತ್ತೆ ಅಂತ ಸುದ್ದಿ ಇತ್ತು. ಹೊಸ ತಂಡದಲ್ಲಿ ಎಂಟನೇ ಇನ್ನಿಂಗ್ಸ್ ಹಾಕಿಸ್ತಾರೆ, ಸೇವ್ ಬರಲ್ಲ." ಸಂಪೂರ್ಣ ಬೇಸ್‌ಬಾಲ್ ಕಾರಣ. ವೇವರ್ ವರದಿ ತೆಗೆದು ನೋಡಿದರೆ ಅದೇ ಕ್ಲೋಸರ್‌ಗೆ ಇನ್ನೂ ಮೂವರು ಕ್ಲೇಮ್ ಹಾಕಿದ್ದರು, ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವರ ಹೆಸರು ಎರಡನೆಯದು.

ಈಗ ಅನುಸರಿಸುವ ಕ್ರಮ ಇದು. ಮೊದಲು ಗುಂಪಿನಲ್ಲಿ ಒಂದೇ ಸಾಲು: "ನೋಡುತ್ತಿದ್ದೇನೆ, ಇಷ್ಟು ಗಂಟೆಗೆ ಉತ್ತರ." ಅಭಿಪ್ರಾಯ ಹೇಳಬೇಡಿ. ಎರಡನೆಯದು, ವೇವರ್ ತೀರ್ಮಾನಕ್ಕೆ ಎಷ್ಟು ಗಂಟೆ ಇದೆ ಎಂದು ನೋಡಿ. ನಿಮ್ಮ ಉತ್ತರ ಅದಕ್ಕೆ ಮುಂಚೆ ಬರಬೇಕು, ಇಲ್ಲವೇ ಬರಲೇಬಾರದು. ಮೂರನೆಯದು, ಡ್ರಾಪ್ ಮಾಡಿದವರಿಗೆ ನೇರ ಫೋನು, ಮೆಸೇಜು ಬೇಡ. "ಯಾಕೆ ಬಿಟ್ಟಿರಿ?" ಎಂದು ಕೇಳಿ ಸುಮ್ಮನಿರಿ. ಬೇಸ್‌ಬಾಲ್ ಕಾರಣ ಅರೆಬರೆಯಾಗಿಯಾದರೂ ಬಂದರೆ ಅಲ್ಲಿಗೆ ಮುಗಿಯಿತು. ನಾಲ್ಕನೆಯದು, ಲಾಗ್ ತೆಗೆದು ಆ ಇಬ್ಬರ ನಡುವೆ ಹಿಂದೆ ಇಂಥದ್ದು ನಡೆದಿದೆಯೇ ಎಂದು ನೋಡಿ. ಐದನೆಯದು, ನಿಮ್ಮ ತಂಡಕ್ಕೆ ಇದರಿಂದ ಲಾಭವೋ ನಷ್ಟವೋ ಇದ್ದರೆ ತೀರ್ಪನ್ನು ಲೀಗಿನಲ್ಲಿ ತಂಡವಿಲ್ಲದ, ಹೊರಗಿನ ಆ ವ್ಯಕ್ತಿಗೆ ಒಪ್ಪಿಸಿ. ಮೊದಲೆರಡು ಸ್ಥಾನಗಳಲ್ಲಿರುವ ಕಮಿಷನರ್‌ಗೆ ಇಂಥ ಲಾಭನಷ್ಟ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ.

ತೀರ್ಪು ಎರಡು ಸಾಲು ಮೀರಬಾರದು: ಯಾವ ನಿಯಮ, ಯಾಕೆ ಅನ್ವಯ. ಉದ್ದ ಬರೆದಷ್ಟೂ ಪ್ರಶ್ನೆ ಹುಟ್ಟುತ್ತದೆ.

9. ಎಚ್ಚರ ವಹಿಸಬೇಕಾದ ಗುರುತುಗಳು

ಬಿಟ್ಟ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ ಸುಮ್ಮನೆ ಬಿಟ್ಟಿದ್ದರೆ ಒಮ್ಮೆ ನಿಂತು ನೋಡಿ. ಜಾಗ ಬೇಕಾಗಿಯೇ ಜನ ಸಾಮಾನ್ಯವಾಗಿ ಬಿಡುವುದು. ಒಂದೇ ಜೋಡಿಯ ನಡುವೆ ಎರಡನೇ ಸಲ ಬಿಟ್ಟು ಎತ್ತುವುದು ನಡೆದರೆ ಅದು ಬಲವಾದ ಗುರುತು, ಒಂದು ಸಲ ಕಾಕತಾಳೀಯ. ವಾರವಾದರೂ ಲೈನ್‌ಅಪ್ ಇಡದ ತಂಡದಿಂದ ದಿಢೀರನೆ ಡ್ರಾಪ್ ಬಂದರೆ ಸಿಟ್ಟಿನ ಡ್ರಾಪ್‌ಗೆ ತಯಾರಾಗಿ, ಅವರಿಗೊಂದು ಫೋನು ಹಾಕಿ. ಎಷ್ಟೋ ಸಲ ಮನೆಯಲ್ಲಿ ಏನೋ ತೊಂದರೆ ಇರುತ್ತದೆ, ತಂಡ ನೋಡಿಕೊಳ್ಳಲು ಜೊತೆಗೊಬ್ಬರನ್ನು ಕೊಟ್ಟರೆ ಸಾಕು.

ಹೆಸರಿನ ದೊಡ್ಡಸ್ತಿಕೆ ಗುರುತಲ್ಲ. ಬಿಟ್ಟವನು ಮೂರು ವರ್ಷದ ಹಿಂದಿನ ತಾರೆ ಎಂಬುದಷ್ಟೇ ಆರೋಪವಾದರೆ, ಅವನ ಕಳೆದ ಒಂದು ತಿಂಗಳ ಅಂಕಿಗಳನ್ನು ಗುಂಪಿಗೆ ಹಾಕಿ. ಗಲಾಟೆ ತಣ್ಣಗಾಗುತ್ತದೆ.

10. ಡ್ರಾಫ್ಟ್‌ಗೆ ಮುಂಚೆ ಒಂದು ಸಲ ಓಡಿಸಿ ನೋಡಿ

ಅದೇ ಸೆಟ್ಟಿಂಗ್ಸ್ ಇಟ್ಟು ಒಂದು ಪುಕ್ಕಟೆ ಲೀಗ್ ತೆರೆಯಿರಿ. ನಾಲ್ಕು ಜನ ಆಟೋ ಡ್ರಾಫ್ಟ್ ಮಾಡಿಕೊಳ್ಳಿ. ಒಬ್ಬರು ರಾತ್ರಿ 11 ಗಂಟೆಗೆ ಯಾರನ್ನಾದರೂ ಬಿಡಲಿ, ಉಳಿದವರು ಕ್ಲೇಮ್ ಹಾಕಲಿ, ಇಬ್ಬರು ಬೇಕೆಂದೇ ಸಮ ಬಿಡ್ ಹಾಕಲಿ. ಆಟಗಾರ ಯಾವ ಗಂಟೆಗೆ ಯಾರ ಕೈ ಸೇರಿದ ಎಂದು ಬರೆದುಕೊಂಡು ನಿಯಮಪತ್ರದ ಪಕ್ಕ ಇಡಿ. ನಮಗೆ ಮೊದಲ ಪ್ರಯತ್ನದಲ್ಲೇ ಮೂರು ಗಂಟೆ ವ್ಯತ್ಯಾಸ ಸಿಕ್ಕಿತು. ವೇದಿಕೆ ಲೆಕ್ಕ ಹಾಕುತ್ತಿದ್ದದ್ದು ಪೆಸಿಫಿಕ್ ಸಮಯ, ನಾವು ಬರೆದದ್ದು ಈಸ್ಟರ್ನ್. ಎರಡನೇ ಪ್ರಯತ್ನದಲ್ಲಿ ಸಮ ಬಿಡ್ ನಮ್ಮ ಪುಟ ಹೇಳಿದವರಿಗೆ ಹೋಗಲಿಲ್ಲ, ಇನ್ನೊಬ್ಬರಿಗೆ ಹೋಯಿತು. ಸೆಟ್ಟಿಂಗ್ ಬದಲಿಸಲು ಆಗಲಿಲ್ಲ, ಪುಟವನ್ನೇ ತಿದ್ದಿದೆವು. ಎರಡೂ ತಾಳೆಯಾಗುವವರೆಗೆ ಡ್ರಾಫ್ಟ್ ದಿನಾಂಕ ಹಾಕಬೇಡಿ.